ಹಳೆಯ ಎರಡು ಮ್ಯಾನುಯಲ್ ಆರ್ಗನ್: ಕೆಲವು ಸ್ವರ ಸತ್ತಿವೆ, ಹಮ್ ಇದೆ, ರಿಪೇರಿ ಮಾಡಿ ಮಿಡಿ ಹಾಕುವುದು ಹೇಗೆ?

ಕಡಲತಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಒಂದು ಟ್ರಾನ್ಸಿಸ್ಟರ್ ಆರ್ಗನ್ ಇದೆ, 1970ರ ಆಸುಪಾಸಿನದು, ಅಮೆರಿಕದಿಂದ ಬಂದದ್ದು. ಸ್ಪಿನೆಟ್ ಎಂಬ ಚಿಕ್ಕ ಮಾದರಿ: ಎಫ್‌ನಿಂದ ಸಿ ವರೆಗೆ 44 ಕೀಗಳ ಎರಡು ಮ್ಯಾನುಯಲ್ (ಕೈಯಿಂದ ನುಡಿಸುವ ಕೀಬೋರ್ಡ್), ಕಾಲಿಗೆ 13 ಪೆಡಲ್, ಜೊತೆಗೆ ಸದ್ದು ಏರಿಸಿ ಇಳಿಸುವ ಒಂದು ಎಕ್ಸ್‌ಪ್ರೆಶನ್ ಪೆಡಲ್. ಹಿಂದಿನ ಲೇಬಲ್‌ನಲ್ಲಿ 120 ವೋಲ್ಟ್, 60 ಹರ್ಟ್ಜ್ ಎಂದಿದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ 110 ವೋಲ್ಟ್ ಕೊಟ್ಟಾಗ ಕಂಡ ತೊಂದರೆಗಳು ಇವು:

1. ಎಫ್ ಶಾರ್ಪ್ ಯಾವ ಆಕ್ಟೇವ್‌ನಲ್ಲೂ ಇಲ್ಲ.
2. ಎ ಸ್ವರ ಮೇಲಿನ ಎರಡು ಆಕ್ಟೇವ್‌ಗಳಲ್ಲಿ ಚೆನ್ನಾಗಿದೆ, ಅಲ್ಲಿಂದ ಕೆಳಗೆ ಪೂರ್ತಿ ಮೌನ.
3. ಮೇಲಿನ ಮ್ಯಾನುಯಲ್ ನಡುವಿನ ಕೆಲವು ಕೀಗಳು ಒತ್ತಿದಾಗ ಕರಕರ ಅನ್ನುತ್ತವೆ, ಎರಡು ಮೂರು ಸಲ ಒತ್ತಿದ ಮೇಲೆ ಸರಿಹೋಗುತ್ತವೆ.
4. ಎಕ್ಸ್‌ಪ್ರೆಶನ್ ಪೆಡಲ್ ಪೂರ್ತಿ ಮುಚ್ಚಿದರೂ ಹಮ್ (ಗುಂಯ್ ಎನ್ನುವ ಸದ್ದು) ನಿಲ್ಲುವುದಿಲ್ಲ.

ಒಳಗೆ ಒಂದೇ ಥರದ 12 ಕಾರ್ಡ್‌ಗಳು (ಸರ್ಕ್ಯೂಟ್ ಬೋರ್ಡ್‌ಗಳು) ಸಾಲಾಗಿ ನಿಂತಿವೆ. ಕೀ ಕಾಂಟ್ಯಾಕ್ಟ್‌ಗಳೆಲ್ಲ ಉದ್ದಕ್ಕೂ ಹೋಗುವ ಒಂದೇ ಲೋಹದ ಬಾರ್‌ಗೆ ತಾಗುತ್ತವೆ. ಚಾಸಿಗೆ (ಒಳಗಿನ ಲೋಹದ ಚೌಕಟ್ಟಿಗೆ) ಹೋಲಿಸಿ ಅಳೆದರೆ ಆ ಬಾರ್ ಮೇಲೆ ಮೈನಸ್ 12 ವೋಲ್ಟ್ ಡಿಸಿ ಇದೆ; ಕೀ ಒತ್ತಿದಾಗ ಆ ಕೀಯ ವೈರ್‌ನಲ್ಲೂ ಅದೇ ಬರುತ್ತದೆ.

ಸದ್ದು ಸರಿಮಾಡಬೇಕು, ಜೊತೆಗೆ ಕಾಯಿರ್ ಅಭ್ಯಾಸಕ್ಕೆ ಕಂಪ್ಯೂಟರ್‌ನ ಗ್ರ್ಯಾಂಡ್‌ಆರ್ಗ್ (ಪೈಪ್ ಆರ್ಗನ್ ಸದ್ದು ಕೊಡುವ ತಂತ್ರಾಂಶ) ನುಡಿಸಲು ಮಿಡಿ (ಯಾವ ಕೀ ಒತ್ತಿದೆ ಎಂದು ಕಂಪ್ಯೂಟರ್‌ಗೆ ತಿಳಿಸುವ ಸಂಕೇತ) ಬೇಕು. ನೆಟ್‌ನಲ್ಲಿ ಕಾಣುವ ಡಯೋಡ್ ಮ್ಯಾಟ್ರಿಕ್ಸ್ (ಕೀಗಳನ್ನು ಗುಂಪುಗಳಾಗಿ ಜೋಡಿಸಿ ಕಡಿಮೆ ವೈರ್‌ನಲ್ಲಿ ಓದುವ ಸರ್ಕ್ಯೂಟ್) ಇದಕ್ಕೆ ಆಗುತ್ತದೆಯೇ? ಹಳೆಯ ಎಲೆಕ್ಟ್ರಾನಿಕ್ಸ್ ಕಿತ್ತು ಹಾಕಲೇಬೇಕೇ?

---

ಓಮ್_ಮೀಟರ್

ಕಿತ್ತು ಹಾಕಬೇಡಿ. ನೀವು ಬರೆದ ನಾಲ್ಕೂ ದೋಷಗಳು ಬೇರೆ ಬೇರೆ ಕಾರಣದವು, ನಾಲ್ಕೂ ರಿಪೇರಿಯಾಗುವಂಥವು. ಮಿಡಿ ಮಾತು ಆಮೇಲೆ. ನಾನು ಕರೆಂಟ್ ಮತ್ತು ಸದ್ದಿನ ಬಗ್ಗೆ ಬರೆಯುತ್ತೇನೆ.

ಮೊದಲು ವೋಲ್ಟೇಜ್. 60 ಹರ್ಟ್ಜ್‌ಗೆ ಸುತ್ತಿದ ಟ್ರಾನ್ಸ್‌ಫಾರ್ಮರ್‌ಗೆ 50 ಹರ್ಟ್ಜ್ ಕೊಟ್ಟರೆ ಅದರ ಕೋರ್‌ನಲ್ಲಿ ಫ್ಲಕ್ಸ್ ಹೆಚ್ಚುತ್ತದೆ. 120 ವೋಲ್ಟ್ 60 ಹರ್ಟ್ಜ್‌ಗೆ ಸಮನಾದದ್ದು 50 ಹರ್ಟ್ಜ್‌ನಲ್ಲಿ 100 ವೋಲ್ಟ್. ನೀವು ಕೊಡುತ್ತಿರುವ 110 ಅಂದರೆ ಅದಕ್ಕೆ 132 ವೋಲ್ಟ್ ಕೊಟ್ಟ ಹಾಗೆ. ಗಟ್ಟಿ ಟ್ರಾನ್ಸ್‌ಫಾರ್ಮರ್ ತಡೆದುಕೊಳ್ಳಬಹುದು, ಆದರೆ ಬಿಸಿಯಾಗುತ್ತದೆ, ಹಮ್ಮಿಗೂ ಅದರ ಪಾಲು ಸೇರುತ್ತದೆ. 230ರಿಂದ 100ಕ್ಕೆ ಇಳಿಸುವ, ಎರಡು ಪ್ರತ್ಯೇಕ ಸುತ್ತುಗಳ, 300 ವಿಎ ಟ್ರಾನ್ಸ್‌ಫಾರ್ಮರ್ ಹಾಕಿಸಿ, ಒಂದೇ ಸುತ್ತಿನ ಆಟೋಟ್ರಾನ್ಸ್‌ಫಾರ್ಮರ್ ಬೇಡ. ಒಳಗಿನ ಡಿಸಿ ಸುಮಾರು 17 ಶೇಕಡಾ ಇಳಿಯುತ್ತದೆ, ಹಾಗಾಗಿ ರೆಗ್ಯುಲೇಟರ್ ಆಚೆ ಮೈನಸ್ 12 ಸ್ಥಿರವಾಗಿ ನಿಂತಿದೆಯೇ ಎಂದು ಅಳೆಯಿರಿ. ನಿಲ್ಲದಿದ್ದರೆ 105 ವೋಲ್ಟ್‌ವರೆಗೆ ಹೋಗಬಹುದು. ಎರಡು ವೈರಿನ ಹಳೆಯ ಪವರ್ ಕಾರ್ಡ್ ತೆಗೆದು ಮೂರು ವೈರಿನದು ಹಾಕಿ, ಹಸಿರು ವೈರ್ ಚಾಸಿಗೆ ಬಿಗಿಯಾಗಲಿ.

ಹರ್ಟ್ಜ್ ಸಂಖ್ಯೆ ಅಷ್ಟು ಮುಖ್ಯವಾಗುವುದು ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ. ನಿಮ್ಮದು ಆಸಿಲೇಟರ್ ಆರ್ಗನ್, ಶ್ರುತಿಗೆ 50 ಹರ್ಟ್ಜ್‌ನಿಂದ ಏನೂ ಆಗುವುದಿಲ್ಲ. ಮೋಟರ್ ತಿರುಗಿಸುವ ಚಕ್ರಗಳಿಂದ ಸ್ವರ ಹುಟ್ಟಿಸುವ ಹ್ಯಾಮಂಡ್ ಟೋನ್‌ವೀಲ್ ಆಗಿದ್ದರೆ ಅದರ ಸಿಂಕ್ರೊನಸ್ ಮೋಟರ್ ನಿಧಾನವಾಗಿ ಇಡೀ ಶ್ರುತಿ ಮೂರು ಅರೆಸ್ವರಕ್ಕಿಂತ ಸ್ವಲ್ಪ ಹೆಚ್ಚೇ ಇಳಿಯುತ್ತಿತ್ತು.

ಕೆಪಾಸಿಟರ್ ಬದಲಿಸಿದ ಮೇಲೆ ಮೊದಲ ಸಲ ಆನ್ ಮಾಡುವಾಗ 60 ವಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಇರುವ ಸೀರೀಸ್ ಲ್ಯಾಂಪ್ ಬೋರ್ಡ್ ಮೂಲಕ ಮಾಡಿ. ಬೋರ್ಡನ್ನು 230 ವೋಲ್ಟ್ ಬದಿಗೇ, ಅಂದರೆ ಸ್ಟೆಪ್‌ಡೌನ್‌ಗಿಂತ ಮುಂಚೆ ಹಾಕಿ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ತಕ್ಷಣ ಆರಿಸಿ. ಎಲ್ಲೋ ಶಾರ್ಟ್ ಇದೆ, ಇಲ್ಲವೇ ಕೆಪಾಸಿಟರ್ ತಿರುಗುಮುರುಗಾಗಿದೆ.

ಈ ತಿರುಗುಮುರುಗು ನಿಮ್ಮ ಆರ್ಗನ್‌ನಲ್ಲಿ ಬಹಳ ಸುಲಭ. ಬಾರ್ ಮೈನಸ್ 12 ಇದೆ ಎಂದರೆ ಸಪ್ಲೈ ನೆಗೆಟಿವ್, ಪಾಸಿಟಿವ್ ಬದಿ ಚಾಸಿಗೆ ಸೇರಿದೆ. ಆ ಕಾಲದ ಪಿಎನ್‌ಪಿ ಟ್ರಾನ್ಸಿಸ್ಟರ್ ಸರ್ಕ್ಯೂಟ್‌ಗಳಲ್ಲಿ ಇದು ಸಾಮಾನ್ಯ. ಹಾಗಾಗಿ ಫಿಲ್ಟರ್ ಕೆಪಾಸಿಟರ್‌ನ ಪ್ಲಸ್ ಕಾಲು ಚಾಸಿಗೆ ಹೋಗುತ್ತದೆ. "ಗ್ರೌಂಡ್ ಅಂದರೆ ಮೈನಸ್" ಎಂಬ ಅಭ್ಯಾಸದಲ್ಲಿ ಹಾಕಿದರೆ ಸಿಡಿಯುತ್ತದೆ. ತೆಗೆಯುವ ಮುಂಚೆ ಪ್ರತಿಯೊಂದರ ಫೋಟೊ ತೆಗೆದಿಡಿ.

ಹಮ್: ಪೆಡಲ್ ಮುಚ್ಚಿದರೂ ಇದೆ ಅಂದರೆ ಅದು ಪೆಡಲ್‌ನ ಆಚೆಗಿನದು, ಅಂದರೆ ಪವರ್ ಆಂಪ್ಲಿಫೈಯರ್ ಅಥವಾ ಸಪ್ಲೈ. ಕಿವಿಗೆ 100 ಹರ್ಟ್ಜ್ ಕೇಳಿದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಇನ್ನೂ ತಗ್ಗಿನ 50 ಆದರೆ ಬ್ರಿಡ್ಜ್‌ನ ಒಂದು ಡಯೋಡ್ ಓಪನ್ ಆಗಿರಬಹುದು, ಇಲ್ಲವೇ ಗ್ರೌಂಡ್ ಸಡಿಲ. ಮೊದಲು ಸಪ್ಲೈಯ ಎಲ್ಲ ಎಲೆಕ್ಟ್ರೋಲಿಟಿಕ್‌ಗಳನ್ನೂ ಬದಲಿಸಿ: ಅಷ್ಟೇ ಮೈಕ್ರೊಫ್ಯಾರಡ್, ವೋಲ್ಟೇಜ್ ಒಂದು ಮೆಟ್ಟಿಲು ಮೇಲಿನದು, 105 ಡಿಗ್ರಿಯದು. ಮೈಕ್ರೊಫ್ಯಾರಡ್ ಎರಡು ಮೂರು ಪಟ್ಟು ಹೆಚ್ಚಿಸುವ ಆಸೆ ಬೇಡ. ಆನ್ ಮಾಡುವ ಕ್ಷಣದ ಕರೆಂಟ್ ಹಳೆಯ ಡಯೋಡ್‌ಗಳನ್ನು ಸುಡುತ್ತದೆ.

ಸತ್ತ ಸ್ವರಗಳಿಗೆ ಬರೋಣ. 12 ಕಾರ್ಡ್ ಅಂದರೆ ಆಕ್ಟೇವ್‌ನ ಒಂದೊಂದು ಸ್ವರಕ್ಕೆ ಒಂದೊಂದು ಕಾರ್ಡ್. ಪ್ರತಿ ಕಾರ್ಡ್‌ನಲ್ಲಿ ಅತಿ ಎತ್ತರದ ಸ್ವರಕ್ಕೆ ಒಂದು ಕಾಯಿಲ್ ಆಸಿಲೇಟರ್, ಅದರ ಕೆಳಗೆ ಸರಪಳಿಯಾಗಿ ಫ್ಲಿಪ್‌ಫ್ಲಾಪ್‌ಗಳು. ಒಂದೊಂದೂ ಫ್ರೀಕ್ವೆನ್ಸಿಯನ್ನು ಎರಡರಿಂದ ಭಾಗಿಸಿ ಮುಂದಿನ ಆಕ್ಟೇವ್ ಕೊಡುತ್ತದೆ. ಇಷ್ಟು ಗೊತ್ತಿದ್ದರೆ ದೋಷ ತಾನೇ ಜಾಗ ತೋರಿಸುತ್ತದೆ. ಒಂದು ಸ್ವರ ಎಲ್ಲ ಆಕ್ಟೇವ್‌ಗಳಲ್ಲೂ ಇಲ್ಲ ಅಂದರೆ ಆಸಿಲೇಟರ್. ಒಂದು ಆಕ್ಟೇವ್‌ನಿಂದ ಕೆಳಗೆ ಇಲ್ಲ ಅಂದರೆ ಅಲ್ಲಿನ ಫ್ಲಿಪ್‌ಫ್ಲಾಪ್. ಒಂದೇ ಕೀ ಒಂದೇ ಮ್ಯಾನುಯಲ್‌ನಲ್ಲಿ ಇಲ್ಲ ಅಂದರೆ ಕಾಂಟ್ಯಾಕ್ಟ್ ಅಥವಾ ಆ ಕೀಯ ಕೀಯರ್ (ಕೀ ಒತ್ತಿದಾಗ ಸ್ವರವನ್ನು ಹೊರಬಿಡುವ ಸರ್ಕ್ಯೂಟ್).

ನಿಮ್ಮ ಎ: ಫ್ಲಿಪ್‌ಫ್ಲಾಪ್‌ನ ಎರಡೂ ಟ್ರಾನ್ಸಿಸ್ಟರ್‌ಗಳ ಕಲೆಕ್ಟರ್ ಮೇಲೆ ಮಲ್ಟಿಮೀಟರ್ ಡಿಸಿಯಲ್ಲಿಡಿ. ಓಡುತ್ತಿದ್ದರೆ ಎರಡೂ ಕಡೆ ಸಪ್ಲೈಯ ಅರ್ಧದಷ್ಟು ತೋರಿಸುತ್ತದೆ. ನಿಂತುಹೋಗಿದ್ದರೆ ಒಂದು ಕಡೆ ಸೊನ್ನೆಯ ಹತ್ತಿರ, ಇನ್ನೊಂದು ಕಡೆ ಪೂರ್ತಿ ಸಪ್ಲೈ. ಆಸಿಲೋಸ್ಕೋಪ್ ಬೇಕಾಗಿಲ್ಲ. ನಿಂತ ಹಂತದಲ್ಲಿ ಟ್ರಾನ್ಸಿಸ್ಟರ್, ಆಮೇಲೆ ಹಿಂದಿನ ಹಂತದಿಂದ ಪಲ್ಸ್ ತರುವ ಚಿಕ್ಕ ಕೆಪಾಸಿಟರ್ ನೋಡಿ.

ಎಫ್ ಶಾರ್ಪ್: ಕರಾವಳಿಯ ತೇವದಲ್ಲಿ ಮೊದಲ ಅನುಮಾನ ಕಾಯಿಲ್‌ನ ತುದಿಗಳ ಮೇಲೆ. ಕೂದಲಿನಷ್ಟು ಸಣ್ಣ ವೈರ್ ಪಿನ್‌ಗೆ ಸೇರುವಲ್ಲಿ ಹಸಿರುಗಟ್ಟಿ ತುಂಡಾಗಿರುತ್ತದೆ. ಪವರ್ ಆರಿಸಿ ಕಾಯಿಲ್‌ನ ಓಮ್ ಅಳೆದು, ಪಕ್ಕದ ಜಿ ಕಾರ್ಡ್‌ನೊಂದಿಗೆ ಹೋಲಿಸಿ. ಸರಿಯಾದ ಮೇಲೆ ಶ್ರುತಿ ಹೊಂದಿಸುವಾಗ ಫೆರೈಟ್ ಕೋರನ್ನು ಪ್ಲಾಸ್ಟಿಕ್ ಟ್ಯೂನಿಂಗ್ ಟೂಲ್‌ನಲ್ಲೇ ತಿರುಗಿಸಿ. ಕಬ್ಬಿಣದ ಸ್ಕ್ರೂಡ್ರೈವರ್ ತಾಗಿದರೆ ಶ್ರುತಿಯೇ ಸರಿಯುತ್ತದೆ, ಒತ್ತಿದರೆ ಕೋರ್ ಬಿರಿಯುತ್ತದೆ; ಬಿರಿದದ್ದಕ್ಕೆ ಬದಲಿ ಸಿಗುವುದಿಲ್ಲ.

ಕರಕರ ಅನ್ನುವ ಕೀಗಳಿಗೆ ಮರಳು ಕಾಗದ ಮುಟ್ಟಿಸಬೇಡಿ, ಲೇಪನ ಹೋದರೆ ಮುಗಿಯಿತು. ನೂಲು ಬಿಡದ ಬಟ್ಟೆಯ ಪಟ್ಟಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಕಾಂಟ್ಯಾಕ್ಟ್ ಮತ್ತು ಬಾರ್ ನಡುವೆ ಇಟ್ಟು ಕೀ ಮೆಲ್ಲಗೆ ಒತ್ತಿ ಎಳೆಯಿರಿ. ತುಕ್ಕು ಬಿಡಿಸುವ ಸ್ಪ್ರೇ ಅಲ್ಲಿ ಬೇಡವೇ ಬೇಡ. ಎಣ್ಣೆಯ ಪದರ ಉಳಿದು ಧೂಳು ಹಿಡಿಯುತ್ತದೆ. ಕೀ ಕೆಳಗಿನ ಫೋಮ್ ಅಂಟಂಟಾಗಿ ಪುಡಿಯಾಗಿದ್ದರೆ ಪೂರ್ತಿ ಕೆರೆದು ತೆಗೆದು ಫೆಲ್ಟ್ ಹಾಕಿ. ಕೊಳೆತ ಫೋಮ್ ತಾಮ್ರದ ವೈರನ್ನೂ ತಿನ್ನುತ್ತದೆ.

---

ಎಸ್ಪಿ_ರೋಡ್_ಸುತ್ತಾಟ

ಮಿಡಿ ಭಾಗ ನಾನು ಹೇಳ್ತೀನಿ.

ಡಯೋಡ್ ಮ್ಯಾಟ್ರಿಕ್ಸ್ ನಿಮಗೆ ಆಗಲ್ಲ, ಕಾರಣ ನೀವೇ ಬರೆದಿದ್ದೀರಿ: ಕಾಂಟ್ಯಾಕ್ಟ್‌ಗಳೆಲ್ಲ ಒಂದೇ ಬಾರ್‌ಗೆ ತಾಗ್ತವೆ. ಮ್ಯಾಟ್ರಿಕ್ಸ್‌ಗೆ ಪ್ರತಿ ಸ್ವಿಚ್‌ನ ಎರಡೂ ತುದಿ ಬಿಡಿಯಾಗಿ ಬೇಕು, ಅಥವಾ ಬಾರನ್ನು ಎಂಟೆಂಟು ಕೀಗೆ ಒಂದರಂತೆ ಕತ್ತರಿಸಬೇಕು. ಕತ್ತರಿಸಿದರೆ ಆರ್ಗನ್‌ನ ಸ್ವಂತ ಸದ್ದು ಹೋಯ್ತು, ಬಾರ್ ಬಾಗಿ ಕಾಂಟ್ಯಾಕ್ಟ್ ಹೊಂದಾಣಿಕೆಯೂ ಹೋಗುತ್ತೆ. ಎಷ್ಟೋ ಒಳ್ಳೆ ಆರ್ಗನ್ ಹಾಳಾಗಿರೋದು ಈ ಹಂತದಲ್ಲೇ.

ಕಾಮನ್ ಬಾರ್‌ಗೆ ಸರಿಯಾದದ್ದು ಪ್ಯಾರಲಲ್ ಇನ್‌ಪುಟ್ ಶಿಫ್ಟ್ ರಿಜಿಸ್ಟರ್ (ಎಲ್ಲ ಇನ್‌ಪುಟ್ ಒಟ್ಟಿಗೆ ಹಿಡಿದು ಒಂದೊಂದಾಗಿ ಹೊರಬಿಡುವ ಚಿಪ್), 74ಎಚ್‌ಸಿ165. ಒಂದು ಚಿಪ್‌ಗೆ 8 ಕೀ. ಮೇಲಿನ 44ಕ್ಕೆ 6, ಕೆಳಗಿನ 44ಕ್ಕೆ 6, ಪೆಡಲ್ 13ಕ್ಕೆ 2. ಒಟ್ಟು 14 ಚಿಪ್, 112 ಇನ್‌ಪುಟ್. ಬಳಕೆಗೆ 101, ಉಳಿಯೋದು 11. ಪ್ರತಿ ಕೀಗೂ ಸ್ವಂತ ಇನ್‌ಪುಟ್ ಇರೋದರಿಂದ ಎಷ್ಟು ಕೀ ಒಟ್ಟಿಗೆ ಒತ್ತಿದರೂ ಇಲ್ಲದ ಸ್ವರ ಹುಟ್ಟಲ್ಲ.

ಸಮಸ್ಯೆ ಮೈನಸ್ 12 ವೋಲ್ಟ್. ಅದನ್ನು ನೇರ ಚಿಪ್‌ಗೆ ಕೊಟ್ಟರೆ ಚಿಪ್ ಸಾಯುತ್ತೆ. ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಭಾಗ) ಹಾಕಬಹುದು, ಆದರೆ 101 ಬೇಕು. ಎರಡು ರೆಸಿಸ್ಟರ್ ಸಾಕು: ಪ್ರತಿ ಕೀ ವೈರ್‌ನಿಂದ ಚಿಪ್ ಇನ್‌ಪುಟ್‌ಗೆ 150 ಕಿಲೋ ಓಮ್, ಇನ್‌ಪುಟ್‌ನಿಂದ ಪ್ಲಸ್ 5 ವೋಲ್ಟ್‌ಗೆ 47 ಕಿಲೋ ಓಮ್. ಕೀ ಒತ್ತಿದಾಗ ಇನ್‌ಪುಟ್‌ನಲ್ಲಿ ಸುಮಾರು 0.9 ವೋಲ್ಟ್, ಬಿಟ್ಟಾಗ ವೈರ್ 0ಕ್ಕೆ ಬಂದರೆ 3.8, ಎಲ್ಲಿಗೂ ಸೇರದೆ ತೇಲುತ್ತಿದ್ದರೆ 5. 5 ವೋಲ್ಟ್‌ನಲ್ಲಿ ಓಡುವ ಈ ಚಿಪ್‌ಗೆ 1.5ಕ್ಕಿಂತ ಕೆಳಗೆ ಸೊನ್ನೆ, 3.5ಕ್ಕಿಂತ ಮೇಲೆ ಒಂದು. ಎರಡೂ ಸರಿಯಾಗಿ ಕೂರ್ತವೆ. 150 ಕಿಲೋ ಓಮನ್ನು ಕೀ ಟರ್ಮಿನಲ್ ಹತ್ತಿರವೇ ಬೆಸುಗೆ ಹಾಕಿ. ಮುಂದೆ ವೈರ್ ಎಲ್ಲಾದರೂ ಚಾಸಿಗೆ ತಾಗಿದರೂ ಆರ್ಗನ್‌ನ ಸಪ್ಲೈಗೆ ಏನೂ ಆಗಲ್ಲ.

ಒಂದು ಮುಖ್ಯ ವಿಷಯ. ಕೀಯರ್‌ನಲ್ಲಿ ಸಸ್ಟೇನ್ ಕೆಪಾಸಿಟರ್ (ಕೀ ಬಿಟ್ಟ ಮೇಲೂ ಸ್ವರ ಸ್ವಲ್ಪ ಉಳಿಸೋದು) ಇರುತ್ತೆ. ಕೀ ಬಿಟ್ಟ ಮೇಲೂ ಅದು ಮೈನಸ್ 12ರಲ್ಲೇ ಸ್ವಲ್ಪ ಹೊತ್ತು ನಿಂತು, ಅದೇ ವೈರ್ ಮೂಲಕ ನಿಮ್ಮ ಇನ್‌ಪುಟ್ ಅನ್ನು ಕೆಳಗೇ ಹಿಡಿದಿರುತ್ತೆ. ಆಗ ಮಿಡಿ ಸ್ವರ ಬೆರಳು ಎತ್ತಿದ ಮೇಲೂ ಉಳಿಯುತ್ತೆ. ಸರ್ಕ್ಯೂಟ್‌ನಲ್ಲಿ ಕಾಂಟ್ಯಾಕ್ಟ್ ಆದ ಮೇಲೆ ಡಯೋಡ್ ಇದ್ದರೆ ಅದರ ಕಾಂಟ್ಯಾಕ್ಟ್ ಬದಿಯಿಂದ ವೈರ್ ತಗೊಳ್ಳಿ. ಇಲ್ಲದಿದ್ದರೆ ಪ್ರತಿ ಕೀಗೂ ಒಂದು 1ಎನ್4148 ಸರಣಿಯಲ್ಲಿ ಸೇರಿಸಿ, ಪಟ್ಟೆ ಇರುವ ತುದಿ (ಕ್ಯಾಥೋಡ್) ಕಾಂಟ್ಯಾಕ್ಟ್ ಕಡೆಗೆ. ಕೀಯರ್‌ಗೆ 0.6 ವೋಲ್ಟ್ ಕಡಿಮೆಯಾಗುತ್ತೆ, ಸದ್ದಿನಲ್ಲಿ ಗೊತ್ತಾಗಲ್ಲ.

ಪೆಡಲ್ ಸ್ವಿಚ್‌ಗಳ ಬಾರ್ ಮೇಲೂ ಅದೇ ಮೈನಸ್ 12 ಇದೆಯಾ ಅಂತ ಬೇರೆಯಾಗಿ ಅಳೆಯಿರಿ. ಹಲವು ಸ್ಪಿನೆಟ್‌ಗಳಲ್ಲಿ ಪೆಡಲ್ ಭಾಗದ ಕೀಯಿಂಗ್ ಬೇರೆ ಥರ ಇರುತ್ತೆ.

ಸಾಮಾನು (ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಎಲ್ಲ ಸಿಗುತ್ತೆ):
- 74ಎಚ್‌ಸಿ165, 14, ಐಸಿ ಬೇಸ್ ಜೊತೆ
- 150 ಕಿಲೋ ಓಮ್ ಕಾಲು ವಾಟ್ ರೆಸಿಸ್ಟರ್, 101
- 47 ಕಿಲೋ ಓಮ್ 9 ಕಾಲಿನ ರೆಸಿಸ್ಟರ್ ನೆಟ್‌ವರ್ಕ್, 14. ಉಳಿದ 11 ಇನ್‌ಪುಟ್‌ಗಳಿಗೂ ಇದರಿಂದಲೇ ಪುಲ್‌ಅಪ್ (5 ವೋಲ್ಟ್‌ಗೆ ಎಳೆತ) ಆಗುತ್ತೆ. ಖಾಲಿ ಬಿಟ್ಟ ಇನ್‌ಪುಟ್ ತನಗೆ ತಾನೇ ಸ್ವರ ಕಳಿಸುತ್ತೆ.
- 0.1 ಮೈಕ್ರೊಫ್ಯಾರಡ್ ಸೆರಾಮಿಕ್, 14, ಪ್ರತಿ ಚಿಪ್‌ನ ಪಿನ್ 16 ಮತ್ತು 8ರ ನಡುವೆ, ಆದಷ್ಟು ಹತ್ತಿರ
- 5 ವೋಲ್ಟ್‌ನ ಪ್ರೊ ಮೈಕ್ರೊ ಬೋರ್ಡ್ (ಎಟಿಮೆಗಾ32ಯು4), 1
- 5 ಪಿನ್ ಡಿನ್ ಸಾಕೆಟ್ (ಮಿಡಿ ಕೇಬಲ್‌ಗೆ) 1, 220 ಓಮ್ 2, 100 ಓಮ್ 2

ವೈರಿಂಗ್: ಎಲ್ಲ ಚಿಪ್‌ನ ಪಿನ್ 1 (ಲೋಡ್) ಒಟ್ಟಿಗೆ, ಪಿನ್ 2 (ಕ್ಲಾಕ್) ಒಟ್ಟಿಗೆ, ಪಿನ್ 15 ಗ್ರೌಂಡ್‌ಗೆ. ಒಂದು ಚಿಪ್‌ನ ಪಿನ್ 9 ಮುಂದಿನದರ ಪಿನ್ 10ಕ್ಕೆ. ಕೊನೆಯದರ ಪಿನ್ 9 ಪ್ರೊ ಮೈಕ್ರೊದ 14ಕ್ಕೆ, ಕ್ಲಾಕ್ 15ಕ್ಕೆ, ಲೋಡ್ 10ಕ್ಕೆ. ಮೊದಲು ಹೊರಬರೋ ಬಿಟ್ ಚಿಪ್‌ನ ಪಿನ್ 6ರದ್ದು, ಕೊನೆಯದು ಪಿನ್ 11ರದ್ದು. ಕೀ ನಕ್ಷೆ ಬರೆಯುವಾಗ ಇದು ನೆನಪಿರಲಿ. ಮ್ಯಾನುಯಲ್‌ಗಳ ನಡುವಿನ ಕೇಬಲ್ ಉದ್ದ ಇರೋದರಿಂದ ಕ್ಲಾಕ್ ಮತ್ತು ಲೋಡ್ ಎರಡಕ್ಕೂ ಬೋರ್ಡ್ ತುದಿಯಲ್ಲಿ 100 ಓಮ್ ಸರಣಿಯಲ್ಲಿ ಹಾಕಿ, ಪಕ್ಕದಲ್ಲೇ ಗ್ರೌಂಡ್ ವೈರ್ ಓಡಿಸಿ. ಕ್ಲಾಕ್ ಅಂಚು ಕೆಟ್ಟರೆ ಚಿಪ್ ಒಂದನ್ನು ಎರಡಾಗಿ ಎಣಿಸುತ್ತೆ; ಒಂದು ಜಾಗದಿಂದ ಆಚೆಗೆ ಎಲ್ಲ ಕೀಗಳೂ ಒಂದು ಅರೆಸ್ವರ ಜರುಗಿದರೆ ಕಾರಣ ಇದೇ, ಪ್ರೋಗ್ರಾಂ ಅಲ್ಲ.

ಪ್ರೋಗ್ರಾಂನಲ್ಲಿ ಎಸ್‌ಪಿಐ (ಚಿಪ್‌ಗಳಿಂದ ಬಿಟ್ ಓದುವ ಕ್ರಮ) ಮೋಡ್ 2, ವೇಗ 500 ಕಿಲೋಹರ್ಟ್ಜ್. 112 ಬಿಟ್ ಓದಲು 224 ಮೈಕ್ರೊಸೆಕೆಂಡ್. ಒಂದು ಮಿಲಿಸೆಕೆಂಡಿಗೆ ಒಮ್ಮೆ ಓದಿದರೆ ಸಾಕು. ಕಾಂಟ್ಯಾಕ್ಟ್ ತಾಗಿದ ಕೂಡಲೇ ಸ್ವರ ಕಳಿಸಿ, ಆಮೇಲೆ 5 ಮಿಲಿಸೆಕೆಂಡ್ ಆ ಕೀಯ ಬದಲಾವಣೆ ಗಮನಿಸಬೇಡಿ. ಪೆಡಲ್‌ಗೆ 15 ಇಡಿ. "ಸ್ಥಿರವಾಗುವ ತನಕ ಕಾದು ಆಮೇಲೆ ಕಳಿಸು" ಅನ್ನೋ ಕ್ರಮ ಇಟ್ಟರೆ ನುಡಿಸುವವರಿಗೆ ತಡ ಗೊತ್ತಾಗುತ್ತೆ.

---

ಕಡಲತಡಿ

ಇಬ್ಬರಿಗೂ ಧನ್ಯವಾದ. ಎರಡು ಅನುಮಾನ. ಪ್ರೊ ಮೈಕ್ರೊದಲ್ಲಿ ಯುಎಸ್‌ಬಿ ಇರುವಾಗ ಡಿನ್ ಸಾಕೆಟ್ ಯಾಕೆ? ಹಾಗೆಯೇ ಎಕ್ಸ್‌ಪ್ರೆಶನ್ ಪೆಡಲ್‌ನಲ್ಲಿ ಪೊಟೆನ್ಷಿಯೊಮೀಟರ್ ಇಲ್ಲ. ಒಂದು ಚಿಕ್ಕ ಬಲ್ಬ್, ಅದರ ಎದುರು ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್), ನಡುವೆ ಸರಿಯುವ ತಗಡು. ಅದರಿಂದ ಮಿಡಿ ತೆಗೆಯಬಹುದೇ?

---

ಎಸ್ಪಿ_ರೋಡ್_ಸುತ್ತಾಟ

ಡಿನ್ ಯಾಕೆಂದರೆ ಗ್ರೌಂಡ್. ನಿಮ್ಮ ಮಿಡಿ ಬೋರ್ಡ್‌ನ ಗ್ರೌಂಡ್ ಆರ್ಗನ್ ಚಾಸಿಗೆ ಸೇರಲೇಬೇಕು. ಯುಎಸ್‌ಬಿ ಹಾಕಿದ ಕೂಡಲೇ ಅದು ಕಂಪ್ಯೂಟರ್ ಗ್ರೌಂಡ್‌ಗೂ ಸೇರುತ್ತೆ, ಅಲ್ಲಿಂದ ಸ್ಪೀಕರ್‌ಗೆ. ಈಗ ತಾನೇ ಹಮ್ ತೆಗೆದ ಆರ್ಗನ್‌ಗೆ ಮತ್ತೆ ಹಮ್ ಬರುತ್ತೆ. ಡಿನ್ ಮಿಡಿಯಲ್ಲಿ ಪಡೆಯುವ ಕಡೆ ಆಪ್ಟೋಕಪ್ಲರ್ ಇರೋದರಿಂದ ಎರಡೂ ಬೇರೆಯೇ ಉಳೀತವೆ. ಕಂಪ್ಯೂಟರ್ ಕಡೆಯ ಯುಎಸ್‌ಬಿ ಮಿಡಿ ಕೇಬಲ್‌ನಲ್ಲಿ ಆಪ್ಟೋಕಪ್ಲರ್ ಇದೆಯಾ ನೋಡಿ ಕೊಳ್ಳಿ, ತೀರ ಅಗ್ಗದ ಕೆಲವದರಲ್ಲಿ ಇರಲ್ಲ. ಯುಎಸ್‌ಬಿಯನ್ನು ಪ್ರೋಗ್ರಾಂ ಹಾಕಲು ಮಾತ್ರ ಬಳಸಿ, ಬೋರ್ಡ್‌ಗೆ ಕರೆಂಟ್ ಬೇರೆ 5 ವೋಲ್ಟ್ ಅಡಾಪ್ಟರ್‌ನಿಂದ.

ಸಾಕೆಟ್ ವೈರಿಂಗ್: ಪಿನ್ 4ಕ್ಕೆ 5 ವೋಲ್ಟ್‌ನಿಂದ 220 ಓಮ್ ಮೂಲಕ, ಪಿನ್ 5ಕ್ಕೆ ಬೋರ್ಡ್‌ನ ಟಿಎಕ್ಸ್‌ನಿಂದ 220 ಓಮ್ ಮೂಲಕ, ಪಿನ್ 2 ಗ್ರೌಂಡ್. ವೇಗ ಸೆಕೆಂಡಿಗೆ 31,250 ಬಿಟ್, ಅಂದರೆ ಒಂದು ಬೈಟ್‌ಗೆ 320 ಮೈಕ್ರೊಸೆಕೆಂಡ್. ಒಟ್ಟಿಗೆ ಒತ್ತಿದ ಹತ್ತು ಸ್ವರಕ್ಕೆ 30 ಬೈಟ್ ಕಳಿಸಿದರೆ 9.6 ಮಿಲಿಸೆಕೆಂಡ್. ರನ್ನಿಂಗ್ ಸ್ಟೇಟಸ್ (ಒಂದೇ ಥರದ ಸಂದೇಶಗಳಿಗೆ ಮೊದಲ ಬೈಟ್ ಒಮ್ಮೆ ಮಾತ್ರ ಕಳಿಸೋದು) ಬಳಸಿದರೆ 21 ಬೈಟ್, 6.7 ಮಿಲಿಸೆಕೆಂಡ್. ಕೀ ಬಿಟ್ಟಾಗ ನೋಟ್ ಆಫ್ ಬದಲು ವೆಲಾಸಿಟಿ (ಕೀ ಒತ್ತಿದ ವೇಗ) 0 ಇರುವ ನೋಟ್ ಆನ್ ಕಳಿಸಿ, ರನ್ನಿಂಗ್ ಸ್ಟೇಟಸ್ ಮುರಿಯಲ್ಲ. ಒಂದೇ ಕಾಂಟ್ಯಾಕ್ಟ್ ಇರುವ ಕೀಯಿಂದ ವೆಲಾಸಿಟಿ ಅಳೆಯೋಕೆ ಆಗಲ್ಲ. 64 ಅಂತ ಸ್ಥಿರವಾಗಿಡಿ. ಪೈಪ್ ಆರ್ಗನ್‌ಗೆ ಅದು ಬೇಕಾಗಿಯೂ ಇಲ್ಲ.

ಎಕ್ಸ್‌ಪ್ರೆಶನ್ ಪೆಡಲ್‌ನ ಮೂಲ ಎಲ್‌ಡಿಆರ್ ಮುಟ್ಟಬೇಡಿ. ಅದರ ಪಕ್ಕ, ಅದೇ ತಗಡಿನ ನೆರಳು ಬೀಳುವ ಕಡೆ ಇನ್ನೊಂದು ಎಲ್‌ಡಿಆರ್ ಅಂಟಿಸಿ, ಒಂದು ತುದಿ 5 ವೋಲ್ಟ್‌ಗೆ, ಇನ್ನೊಂದು ಬೋರ್ಡ್‌ನ ಅನಲಾಗ್ ಪಿನ್‌ಗೆ, ಆ ಪಿನ್‌ನಿಂದ ಗ್ರೌಂಡ್‌ಗೆ 10 ಕಿಲೋ ಓಮ್. ಪೆಡಲ್‌ನ ಎರಡು ತುದಿಗಳಲ್ಲಿ ಬರುವ ಅಂಕೆ ಬರೆದುಕೊಂಡು, ಆ ವ್ಯಾಪ್ತಿಯನ್ನು 0ರಿಂದ 127ಕ್ಕೆ ಹಿಗ್ಗಿಸಿ ಸಿಸಿ 11 (ಮಿಡಿಯ ಎಕ್ಸ್‌ಪ್ರೆಶನ್ ಸಂದೇಶ) ಆಗಿ ಕಳಿಸಿ. ಬಲ್ಬ್ ಎಸಿಯಲ್ಲಿ ಉರಿಯುತ್ತಿದ್ದರೆ ಬೆಳಕು 100 ಹರ್ಟ್ಜ್‌ನಲ್ಲಿ ನಡುಗುತ್ತೆ. 20 ಮಿಲಿಸೆಕೆಂಡ್‌ನ ಸರಾಸರಿ ತಗೊಂಡರೆ ಅಂಕೆ ಕುಣಿಯೋದು ನಿಲ್ಲುತ್ತೆ. ಅಂಕೆ ಬದಲಾದಾಗ ಮಾತ್ರ ಕಳಿಸಿ, ಇಲ್ಲದಿದ್ದರೆ ಅದೇ ಮಿಡಿ ಲೈನ್ ತುಂಬಿಬಿಡುತ್ತೆ.

---

ಸ್ವರ_ಪೆಟ್ಟಿಗೆ

ಗ್ರ್ಯಾಂಡ್‌ಆರ್ಗ್ ಕಡೆಯ ವಿಷಯ ಯಾರೂ ಬರೆದಿಲ್ಲ, ಹಾಗಾಗಿ ಸೇರಿಸುತ್ತೇನೆ.

ಸ್ಪಿನೆಟ್‌ನ ಎರಡು ಮ್ಯಾನುಯಲ್ ಒಂದರ ಮೇಲೊಂದು ನೇರವಾಗಿ ಕೂತಿಲ್ಲ, ಮೇಲಿನದು ಬಲಕ್ಕೆ ಸರಿದಿರುತ್ತದೆ. ಮಧ್ಯದ ಸಿ ಅನ್ನು 60 ಎಂದು ಹಿಡಿದರೆ ಮೇಲಿನದಕ್ಕೆ 53ರಿಂದ 96, ಕೆಳಗಿನದಕ್ಕೆ 41ರಿಂದ 84, ಪೆಡಲ್‌ಗೆ 36ರಿಂದ 48 ಕೊಡಿ. ಮೂರಕ್ಕೂ ಬೇರೆ ಚಾನೆಲ್: ಮೇಲಿನದು 1, ಕೆಳಗಿನದು 2, ಪೆಡಲ್ 3. ಸೆಟ್‌ಬಿಫ್ರೀ ಎಂಬ ಉಚಿತ ಟೋನ್‌ವೀಲ್ ತಂತ್ರಾಂಶಕ್ಕೂ ಇದೇ ಕ್ರಮ ಹೊಂದುತ್ತದೆ. ಗ್ರ್ಯಾಂಡ್‌ಆರ್ಗ್‌ನಲ್ಲಿ ಮ್ಯಾನುಯಲ್ ಮೇಲೆ ಬಲ ಕ್ಲಿಕ್ ಮಾಡಿ, ಕೇಳಿಸಿಕೊಳ್ಳುವ ಆಯ್ಕೆ ಒತ್ತಿ, ಕೀ ಒತ್ತಿದರೆ ಚಾನೆಲ್ ತಾನೇ ಹಿಡಿಯುತ್ತದೆ.

ಕಾಯಿರ್‌ಗೆ ನಾಲ್ಕು ದನಿಯ ಕೀರ್ತನೆ ನುಡಿಸಲು ಈ ಆರ್ಗನ್ ಸಾಕು. ಮೇಲಿನ ಎರಡು ದನಿ ಮೇಲಿನ ಮ್ಯಾನುಯಲ್‌ನಲ್ಲಿ, ಟೆನರ್ ಕೆಳಗೆ, ಬಾಸ್ ಕಾಲಿಗೆ. ಆದರೆ ಪೈಪ್ ಆರ್ಗನ್‌ಗೆಂದೇ ಬರೆದ ಕೃತಿಗಳು ಪೂರ್ತಿಯಾಗಿ ಬರುವುದಿಲ್ಲ. ಅವು ಸಿಯಿಂದ ಶುರುವಾಗುವ 56ರಿಂದ 61 ಕೀಗಳ ಮ್ಯಾನುಯಲ್ ಮತ್ತು 30 ಅಥವಾ 32 ಪೆಡಲ್‌ಗಳನ್ನು ನಂಬಿವೆ. ನಿಮ್ಮ ಕೆಳಗಿನ ಮ್ಯಾನುಯಲ್ 41ರಿಂದ ಶುರು, ಅದಕ್ಕಿಂತ ಕೆಳಗಿನ ಐದು ಸ್ವರಗಳು ಕೈಗೆ ಸಿಗುವುದೇ ಇಲ್ಲ. ಪೆಡಲ್‌ಗೆ 16 ಅಡಿ ಸ್ಟಾಪ್ (ನಾದದ ಆಯ್ಕೆ) ಜೊತೆ ಒಂದು ಆಕ್ಟೇವ್ ಮೇಲೆ ಕೇಳುವ 8 ಅಡಿಯದನ್ನೂ ಸೇರಿಸಿದರೆ ಬಾಸ್ ಸ್ಪಷ್ಟವಾಗಿ ಕೇಳುತ್ತದೆ.

ಸ್ಟಾಪ್ ಟ್ಯಾಬ್‌ಗಳನ್ನೂ ಮಿಡಿ ಮಾಡುವ ಆಸೆ ಬರುತ್ತದೆ. ಸರಪಳಿಯ ತುದಿಗೆ ಇನ್ನೆರಡು 165 ಸೇರಿಸಿದರೆ 16 ಟ್ಯಾಬ್ ಆಗುತ್ತದೆ. ಆದರೆ ನಿಮ್ಮ ಆರ್ಗನ್‌ನಲ್ಲಿ ಟ್ಯಾಬ್ ಸ್ವಿಚ್ ಮೂಲಕ ಡಿಸಿ ಹೋಗುತ್ತದೆಯೋ ಆಡಿಯೊ ಹೋಗುತ್ತದೆಯೋ ನೋಡಿಕೊಳ್ಳಿ. ಆಡಿಯೊ ಆದರೆ ಅದಕ್ಕೆ ವೈರ್ ಸೇರಿಸಬೇಡಿ, ಕ್ಲಾಕ್‌ನ ಸದ್ದು ಸ್ಪೀಕರ್‌ಗೆ ನುಗ್ಗುತ್ತದೆ. ಟ್ಯಾಬ್‌ನ ಹಿಂದೆ ಚಿಕ್ಕ ಅಯಸ್ಕಾಂತ ಅಂಟಿಸಿ ರೀಡ್ ಸ್ವಿಚ್ ಇಟ್ಟರೆ ಮೂಲ ವೈರಿಂಗ್ ಮುಟ್ಟುವ ಪ್ರಮೇಯವೇ ಇಲ್ಲ.

---

ಓಮ್_ಮೀಟರ್

ಕೆಲಸದ ಕ್ರಮದ ಬಗ್ಗೆ ಒಂದು ಮಾತು. ಕಾಂಟ್ಯಾಕ್ಟ್ ಶುಚಿ ಮಾಡಿ ಮುಗಿಸಿದ ಮೇಲೆಯೇ ಮಿಡಿ ವೈರ್ ಬೆಸುಗೆ ಹಾಕಿ. 150 ಕಿಲೋ ಓಮ್ ಮೂಲಕ ಹೋಗುವ ಕರೆಂಟ್ 0.1 ಮಿಲಿಆಂಪಿಯರ್‌ಗೂ ಕಡಿಮೆ, ಅದು ಕೊಳೆ ಪದರವನ್ನು ಭೇದಿಸುವುದಿಲ್ಲ. ಕೊಳೆ ಇರುವ ಕಾಂಟ್ಯಾಕ್ಟ್‌ನಿಂದ ಒಂದೇ ಒತ್ತಿಗೆ ಮೂರು ನಾಲ್ಕು ಮಿಡಿ ಸ್ವರ ಬರುತ್ತವೆ, ಅದನ್ನು ಪ್ರೋಗ್ರಾಂನಲ್ಲಿ 5 ಮಿಲಿಸೆಕೆಂಡನ್ನು 30 ಮಾಡಿ ಮುಚ್ಚಬೇಡಿ.

ಮೊದಲು ಒಂದೇ ಚಿಪ್, ಎಂಟೇ ಕೀಗೆ ವೈರ್ ಹಾಕಿ. ಒತ್ತಿದಾಗ ಇನ್‌ಪುಟ್ ಪಿನ್‌ನಲ್ಲಿ 0.9, ಬಿಟ್ಟಾಗ 3.5ಕ್ಕಿಂತ ಮೇಲೆ ಬರುತ್ತದೆಯೇ ಅಳೆಯಿರಿ. ಸಸ್ಟೇನ್ ಪೂರ್ತಿ ಏರಿಸಿ ಕೂಡ ಒಮ್ಮೆ ಅಳೆಯಿರಿ. ಬಿಟ್ಟ ತಕ್ಷಣ ಏರದೆ ನಿಧಾನವಾಗಿ ಏರಿದರೆ ಮೇಲೆ ಹೇಳಿದ ಡಯೋಡ್ ಬೇಕು ಎಂದು ಖಚಿತ. ಸರಿಬಂದ ಮೇಲೆ ಉಳಿದ 93ಕ್ಕೆ ಕೈಹಾಕಿ.